ಕಲ್ಲಿನ ಮೇಲಿನ ಗಿಡುಗ

ನಮ್ಮಕ್ಕ ಸೇನೆಯ ಲಾಂಛನ ಹೊಲಿಯುವವಳು. ಸಿಪಾಯಿಗಳ ಟೋಪಿಯ ಮೇಲೆ ರೆಕ್ಕೆ ಬಿಚ್ಚಿದ ಗಿಡುಗ ಇರುತ್ತದಲ್ಲ, ಅದು. ಮದುವೆಗೂ ಮುಂಚೆ ಆ ಕಾರ್ಖಾನೆ ಸೇರಿದವಳು, ಗಂಡ ಸತ್ತ ಮೇಲೂ ಬಿಡಲಿಲ್ಲ. ಒಂದೊಂದು ರೆಕ್ಕೆಗೆ ಏಳು ಗರಿ. ಆರಾದರೆ ಮೇಲ್ವಿಚಾರಕ ಕತ್ತರಿ ತಂದು ಎಲ್ಲರ ಎದುರೇ ತುಂಡು ಮಾಡುತ್ತಿದ್ದ. ಅರೆಬರೆ ಲಾಂಛನ ಹೊರಗೆ ಹೋಗಬಾರದೆಂಬುದು ನಿಯಮ. ಅಕ್ಕನ ಕೈಯದು ಒಂದೂ ತುಂಡಾಗಲಿಲ್ಲ. ಆ ಜಂಬ ಅವಳಿಗೆ ಬೇಕಾದಷ್ಟಿತ್ತು. ಮನೆಯಲ್ಲಿ ನಾನೊಂದು ಗುಂಡಿ ಹಚ್ಚಿದರೂ ಕಿತ್ತು ಮತ್ತೆ ಹಚ್ಚುತ್ತಿದ್ದಳು, ಮಹಾತಾಯಿ!

ಅವಳಿಗೆ ಒಬ್ಬನೇ ಮಗ. ಹುಟ್ಟಿದಾಗ ದುಂಡುದುಂಡಗಿದ್ದನೆಂದು ಗುಂಡ ಎಂದೆವು. ಬೆಳೆದು ಕಡ್ಡಿಯಾದರೂ ನಮಗೆ ಗುಂಡನೇ. ಸೇನೆ ಸೇರಿದ. ತರಬೇತಿ ಮುಗಿದು ಪ್ರಮಾಣವಚನ ಆಗುವವರೆಗೆ ಹುಡುಗರಿಗೆ ಬೋಳು ಟೋಪಿ, ಗಿಡುಗ ಆಮೇಲೆ. ಅವನ ತಂಡದ್ದನ್ನೆಲ್ಲ ತಾನೇ ಹೊಲಿಯುತ್ತೇನೆಂದು ಅಕ್ಕ ಹಟ ಹಿಡಿದಳು. “ನನ್ಮಗನ ತಲೆ ಮೇಲೆ ಯಾವಳೋ ಹೊಲಿದಿದ್ದು ಕೂರೋದು ಬೇಡ” ಎಂದಳು.

ಪ್ರಮಾಣವಚನಕ್ಕೆ ಒಂದು ವಾರವಿತ್ತು. ಸುಡುಬಿಸಿಲಲ್ಲಿ ಬೆನ್ನಿಗೆ ಮರಳಿನ ಚೀಲ ಕಟ್ಟಿ ಓಡಿಸಿದರು. ಗುಂಡ ಬಿದ್ದ. ನಾಟಕ ಆಡ್ತಾನೆ ಎಂದು ಬೈದು ಎಬ್ಬಿಸಿ ಮತ್ತೆ ಓಡಿಸಿದರು. ಎರಡನೇ ಸಲ ಬಿದ್ದವನು ಏಳಲಿಲ್ಲ. ಅವರ ಮನೆ ಹಾಳಾಗ! ಪೆಟ್ಟಿಗೆಯಲ್ಲಿಟ್ಟು ಮನೆಗೆ ಕಳಿಸಿದರು, ಎದೆಯ ಮೇಲೆ ಅದೇ ಬೋಳು ಟೋಪಿ.

ಸಮಾಧಿಯ ಕಲ್ಲಿಗಾದರೂ ಗಿಡುಗ ಬೇಕೆಂದಳು ಅಕ್ಕ. ಬೇರೇನೂ ಬೇಡವಂತೆ, ಅದೊಂದು ಸಾಕಂತೆ. ಕಲ್ಲುಕುಟಿಗ ನಮ್ಮ ಬೀದಿಯವನೇ. ಮಾದರಿ ಕೇಳಿದ, ಅಕ್ಕ ಬಟ್ಟೆಯ ಮೇಲೆ ಹೊಲಿದೇ ಕೊಟ್ಟಳು. ಗುಂಡನ ಹೆಸರಿಗೆ ಕಾಲು ತಗುಲುವಂತೆ ಗಿಡುಗ ಕೂತಿತು. ಅಕ್ಕ ಗರಿ ಎಣಿಸಿ, ಏಳು ಎಂದು ಒಪ್ಪಿದ ಮೇಲೇ ಕಲ್ಲು ನೆಟ್ಟದ್ದು.

ಯಾವ ಪುಣ್ಯಾತ್ಮ ಚಾಡಿ ಹೇಳಿದನೋ! ಒಂದು ಬೆಳಿಗ್ಗೆ ಲಾಂಛನ ವಿಭಾಗದ ಅಧಿಕಾರಿ ಜೀಪಿನಲ್ಲಿ ಬಂದು ನಮ್ಮನ್ನೂ ಕಲ್ಲುಕುಟಿಗನನ್ನೂ ಸಮಾಧಿಯ ಹತ್ತಿರ ಕರೆಸಿದ.

“ಲಾಂಛನ ಸಿಪಾಯಿಗಳಿಗೆ ಮಾತ್ರ, ಅಮ್ಮಾ. ನಿಮ್ಮ ಹುಡುಗ ಪ್ರಮಾಣವಚನ ತಗೊಂಡಿರ್ಲಿಲ್ಲ. ನಿಯಮದ ಪ್ರಕಾರ ಅವನು ಸಿಪಾಯಿ ಅಲ್ಲ.”

“ಸಿಪಾಯಿ ಅಲ್ದೇ ಇದ್ರೆ ಬಿಸಿಲಲ್ಲಿ ಯಾಕಪ್ಪಾ ಓಡ್ಸಿದ್ರಿ?” ಎಂದಳು ಅಕ್ಕ.

“ತರಬೇತಿ ವಿಷ್ಯ ನಮ್ಮ ವಿಭಾಗಕ್ಕೆ ಬರಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. “ನಿಮ್ಮ ಸಾಹೇಬರ ಕ್ಲಬ್ಬಲ್ಲಿ ಸಿಗರೇಟಿನ ಬೂದಿ ಉದುರಿಸೋ ಬಟ್ಟಲ ಮೇಲೂ ಇದೇ ಗಿಡುಗ ಇದ್ಯಂತಲ್ರೀ! ಆ ಬಟ್ಟಲು ಯಾವಾಗ ಪ್ರಮಾಣವಚನ ತಗೊಳ್ತು?”

“ಅದಕ್ಕೆ ಅನುಮತಿ ಇದೆ” ಎಂದ.

ಮನುಷ್ಯ ಕೆಟ್ಟವನೇನಲ್ಲ, ಅದೇ ಇನ್ನೂ ಹೊಟ್ಟೆ ಉರಿಸುವುದು. ಅಕ್ಕನ ಮುಖ ನೋಡಿ ದನಿ ತಗ್ಗಿಸಿದ. “ಒಂದು ಕೆಲ್ಸ ಮಾಡಿ. ರೆಕ್ಕೆಯಿಂದ ಒಂದು ಗರಿ ತೆಗೆಸಿಬಿಡಿ. ಆರೇ ಇದ್ರೆ ಅದು ನಮ್ಮ ಲಾಂಛನ ಅಲ್ಲ, ಯಾವುದೋ ಹಕ್ಕಿ. ನಾನೂ ಹಾಗೇ ಬರ್ಕೊಂಡು ಹೋಗ್ತೀನಿ. ಇಷ್ಟು ಕರಾರುವಾಕ್ಕಾಗಿ ಕೆತ್ತಿಸಿದ್ದೇ ತಪ್ಪಾಯ್ತು ನೋಡಿ.”

ಒಂದು ಗರಿ! ನಾನು ಅಕ್ಕನ ಕೈ ಹಿಡಿದು ಅಂಗಲಾಚಿದೆ. “ಹ್ಞೂಂ ಅನ್ನೇ ಅಕ್ಕಾ. ಯಾರು ಎಣಿಸ್ತಾರೆ?”

“ನಾನು ಎಣಿಸ್ತೀನಿ ಕಣೇ. ಕಂಡೋರ ಮಕ್ಕಳಿಗೆಲ್ಲ ಸರಿಯಾದ್ದು ಹೊಲಿದು, ನನ್ನ ಮಗನಿಗೆ ಕತ್ತರಿಗೆ ಹೋಗೋ ಮಾಲು ಕೊಡ್ಲಾ? ಅವನು ಸಿಪಾಯಿ ಅಲ್ಲ ಅಂತ ನಾನೇ ಒಪ್ಕೊಂಡ ಹಾಗಾಗಲ್ವಾ?” ಅಧಿಕಾರಿಯ ಕಡೆ ತಿರುಗಿದಳು. “ತೆಗೆಯೋದಾದ್ರೆ ಪೂರ್ತಿ ತೆಗೀರಿ.”

ಕಲ್ಲುಕುಟಿಗ ಅಳುತ್ತಲೇ ಉಳಿ ಹಿಡಿದ. ಗರಿಗಳು ಹೋದವು, ಕೊಕ್ಕು ಹೋಯಿತು. ಕಾಲಿಗೆ ಏಟು ಬಿದ್ದಾಗ ಕಲ್ಲು ಸೀಳಿ, ಕೆಳಗಿದ್ದ ಹೆಸರೂ ಚಕ್ಕೆಚಕ್ಕೆಯಾಗಿ ಎದ್ದು ಬಂತು. “ಅಯ್ಯೋ, ಹೆಸರು!” ಎಂದು ಕಿರುಚಿಕೊಂಡೆ. ಅಕ್ಕ ನೆಲದ ಮೇಲೆ ಕೂತು ಚೂರುಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದಳು. ಅವು ಕೂಡಲಿಲ್ಲ.

ಅಧಿಕಾರಿ ಬಗ್ಗಿ ಕಲ್ಲನ್ನು ಸವರಿ, ಲಾಂಛನ ಪೂರ್ತಿ ಹೋಗಿದೆಯೆಂದು ಖಾತ್ರಿ ಮಾಡಿಕೊಂಡ. ಹೆಸರಿನ ಬಗ್ಗೆ ಅವನ ನಿಯಮದಲ್ಲಿ ಏನೂ ಇರಲಿಲ್ಲ. ಜೀಪು ಹತ್ತಿ ಹೋದ.