ಕೂಗದ ಕುಕ್ಕರ್

ಅತ್ತೆಯ ಕಣ್ಣಿನ ಪೊರೆ ತೆಗೆಸಬೇಕು ಎಂದು ಡಾಕ್ಟರು ಹೇಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಕೆಟ್ಟ ಸೊಸೆ ಎಂದುಕೊಳ್ಳಬೇಡಿ, ಪೂರ್ತಿ ಕೇಳಿ. ಆಪರೇಷನ್ ಆದ ಮೇಲೆ ಒಂದು ತಿಂಗಳು ಒಲೆಯ ಹತ್ತಿರ ಸುಳಿಯಬಾರದು, ಹೊಗೆ, ಒಗ್ಗರಣೆಯ ಘಾಟು ಯಾವುದೂ ತಾಗಬಾರದು ಎಂದು ಅವರು ಅದೇ ಉಸಿರಿನಲ್ಲಿ ಹೇಳಿದ್ದರು. ಖುಷಿಗೆ ಕಾರಣ ಅದು. ಆವತಿಯ ಪಕ್ಕದ ಈ ಹಳ್ಳಿಗೆ ಮದುವೆಯಾಗಿ ಬಂದು ಹನ್ನೊಂದು ವರ್ಷ. ಅಷ್ಟೂ ವರ್ಷ ತರಕಾರಿ ಹೆಚ್ಚಿದ್ದೇನೆ, ಕಾಯಿ ತುರಿದಿದ್ದೇನೆ, ಪಾತ್ರೆ ಉಜ್ಜಿದ್ದೇನೆ. ಸಾರಿಗೆ ಮಸಾಲೆ ಹಾಕುವ ಹಕ್ಕು ಮಾತ್ರ ಸಿಕ್ಕಿರಲಿಲ್ಲ. ದೇವನಹಳ್ಳಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನನ್ನ ಕೈಗೆ ಉಪ್ಪಿನ ಡಬ್ಬಿ ಕೊಡಲು ಅತ್ತೆಗೆ ಧೈರ್ಯ ಸಾಲುತ್ತಿರಲಿಲ್ಲ.

ಅಂತೂ ಅಡುಗೆಮನೆ ನನ್ನದಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ಅನ್ನ, ಸಾರು ಮಾಡಿ, ಅತ್ತೆಯ ಮಧ್ಯಾಹ್ನದ ಊಟವನ್ನು ಹಾಟ್‌ಬಾಕ್ಸಿಗೆ ತುಂಬಿಟ್ಟು, ಎಂಟಕ್ಕೆ ಬಸ್ಸು ಹತ್ತುತ್ತಿದ್ದೆ. ನನ್ನ ಗಂಡ ಅಷ್ಟು ಹೊತ್ತಿಗೆ ಹೊಸಕೋಟೆಯ ಫ್ಯಾಕ್ಟರಿಗೆ ಹೊರಟಿರುತ್ತಿದ್ದರು. ಸಂಜೆ ಬಂದು ನೋಡಿದರೆ ಹಾಟ್‌ಬಾಕ್ಸು ತೊಳೆದು ಬೋರಲು ಹಾಕಿರುತ್ತಿತ್ತು. ಇಷ್ಟೊಂದು ಚೆನ್ನಾಗಿ ಮಾಡುತ್ತೇನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹತ್ತು ದಿನ ಹೀಗೆ ಬೀಗುತ್ತಾ ಕಳೆದೆ. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದರೆ, ಹಿತ್ತಲಲ್ಲಿ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಅನ್ನ-ಸಾರನ್ನು ಹಸುವಿನ ಬಾನಿಗೆ ಸುರಿಯುತ್ತಿದ್ದರು.

"ಏನತ್ತೆ ಇದು?"

"ಹಸು ನನ್ನೇ ನೋಡ್ತಾ ಇತ್ತು ಕಣಮ್ಮ, ಪಾಪ."

"ಹಸು ಅನ್ನ-ಸಾರು ಕೇಳ್ತಾ?"

ಅತ್ತೆ ಹಾಟ್‌ಬಾಕ್ಸನ್ನು ಕೆಳಗಿಟ್ಟು ಬಾಯಿಬಿಟ್ಟರು. "ಆ ಡಬ್ಬಿ ಒಳಗೆ ಬೆವತಿರೋ ಅನ್ನ ನಂಗೆ ಗಂಟ್ಲಲ್ಲಿ ಇಳಿಯಲ್ಲ. ಉಣ್ಣೋದು ಅಂದ್ರೆ ಹೊಗೆಯಾಡ್ತಾ ಇರ್ಬೇಕು. ಒಲೆ ಹಚ್ಬೇಡ ಅಂತೀರ. ನಾನೇನ್ ಮಾಡ್ಲಿ?"

ಮೊದಲು ಕೋಪ ಬಂತು, ಆಮೇಲೆ ಭಯವಾಯಿತು. ಗಾಯ ಮಾಯಬೇಕಾದರೆ ಹೊತ್ತುಹೊತ್ತಿಗೆ ಊಟ ಬೀಳಬೇಕು ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು. ಹತ್ತು ದಿನದಿಂದ ಈ ಹೆಂಗಸು ಮಧ್ಯಾಹ್ನ ಏನೂ ತಿಂದಿಲ್ಲ. ರವಿಕೆಯ ತೋಳು ಸಡಿಲವಾಗಿ ಜೋತಾಡುತ್ತಿತ್ತು, ನಾನು ಅದನ್ನು ನೋಡಿಯೇ ಇರಲಿಲ್ಲ. ಹಸು ಮಾತ್ರ ಮೈತುಂಬಿಕೊಂಡಿತ್ತು.

ಯಲಹಂಕದಲ್ಲಿರುವ ನನ್ನ ಅಕ್ಕ ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಂದು ಸ್ಲೋ ಕುಕ್ಕರ್ ತರಿಸಿ, ಒಂದೇ ಸಲ ಬಳಸಿ ಅಟ್ಟಕ್ಕೆ ಹಾಕಿದ್ದಳು. ಭಾನುವಾರ ಹೋಗಿ ಅದನ್ನು ಹೊತ್ತು ತಂದೆ. ಒಳಗೆ ದಪ್ಪನೆಯ ಪಿಂಗಾಣಿ ಮಡಕೆ, ಮೇಲೆ ಗಾಜಿನ ಮುಚ್ಚಳ, ಮುಂದೆ ನಾಲ್ಕು ಗುಂಡಿ. ಬೆಳಿಗ್ಗೆ ಎಲ್ಲವನ್ನೂ ತುಂಬಿ ಗುಂಡಿ ಒತ್ತಿದರೆ ಐದು ಗಂಟೆ ನಿಧಾನವಾಗಿ ಬೇಯಿಸಿ, ಆಮೇಲೆ ತಾನೇ ಬಿಸಿಯಾಗಿ ಇಟ್ಟುಕೊಂಡಿರುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ. ನನ್ನಂಥ ಸೋಮಾರಿಗಳಿಗೆಂದೇ ಹೇಳಿ ಮಾಡಿಸಿದ ಹಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಈ ವಿಷಯದಲ್ಲಿ ಅತ್ತೆ ನನಗೆ ಪಾಠ ಹೇಳುವಂತಿರಲಿಲ್ಲ.

ಅವರೆಕಾಯಿಯ ಕಾಲ. ಗಂಡ ಹೊಸಕೋಟೆ ಮಾರ್ಕೆಟ್ಟಿನಿಂದ ಎರಡು ಕೆಜಿ ಸೊಗಡಿನ ಕಾಯಿ ತಂದಿದ್ದರು. ಸೋಮವಾರ ಬೆಳಿಗ್ಗೆ ಮಡಕೆಯ ತಳಕ್ಕೆ ಆಲೂಗಡ್ಡೆ ಬಿಲ್ಲೆ ಹರಡಿದೆ, ಅದರ ಮೇಲೆ ಬದನೆಕಾಯಿ, ಅದರ ಮೇಲೆ ಅವರೆಕಾಳು, ಎಲ್ಲದರ ಮೇಲೆ ತೆಂಗಿನಕಾಯಿ, ಧನಿಯಾ, ಬೆಳ್ಳುಳ್ಳಿ, ಚಕ್ಕೆ ಲವಂಗದ ಮಸಾಲೆ. ಅತ್ತೆ ಬಾಗಿಲಲ್ಲಿ ಕಪ್ಪು ಕನ್ನಡಕದಲ್ಲಿ ನಿಂತು, ತಪಾಸಣೆಗೆ ಬಂದ ಸಾಹೇಬರಂತೆ ನೋಡುತ್ತಿದ್ದರು.

"ಎಷ್ಟು ಕೂಗು ಕೂಗ್ಬೇಕು?"

"ಇದು ಕೂಗಲ್ಲ ಅತ್ತೆ."

"ಕೂಗ್ದೆ ಇದ್ರೆ ಬೆಂದಿದ್ದು ಹೆಂಗ್ ಗೊತ್ತಾಗುತ್ತೆ?"

"ಮಧ್ಯಾಹ್ನ ಒಂದು ಗಂಟೆಗೆ ಬೆಂದಿರುತ್ತೆ. ಅಲ್ಲೀವರ್ಗೂ ಮುಚ್ಚಳ ಮುಟ್ಬೇಡಿ. ಒಂದ್ಸಲ ತೆಗೆದ್ರೆ ಅರ್ಧ ಗಂಟೆ ಬಿಸಿ ಹಾಳಾಗುತ್ತೆ. ಮುಟ್ಲೇಬೇಡಿ!"

ತರಗತಿಯಲ್ಲಿ ಮಾತಾಡುವ ಧ್ವನಿ ಅದು, ಅತ್ತೆಯ ಮುಂದೆ ಎಂದೂ ತೆಗೆದಿರಲಿಲ್ಲ. ಮಧ್ಯಾಹ್ನ ಒಂದು ಬಿಸಿ ಮುದ್ದೆ ತಂದುಕೊಡಿ ಎಂದು ಪಕ್ಕದ ಮನೆಯವರಿಗೆ ಹೇಳಿ, ಗೆದ್ದವಳಂತೆ ಬಸ್ಸು ಹತ್ತಿದೆ.

ಸಂಜೆ ಐದಕ್ಕೆ ಬಂದಾಗ ಅತ್ತೆ ಸ್ಲೋ ಕುಕ್ಕರಿನ ಎದುರಿಗೆ ಮಣೆ ಹಾಕಿಕೊಂಡು ಕೂತಿದ್ದರು. ಮುದ್ದೆ ತಟ್ಟೆಯಲ್ಲಿ ಕಲ್ಲಾಗಿತ್ತು. ಮುಚ್ಚಳ ತೆಗೆದೆ, ಹುಳಿ ವಾಸನೆ ಮುಖಕ್ಕೆ ರಾಚಿತು. ಅವರೆಕಾಳು ಹಸಿಹಸಿ, ಮಸಾಲೆ ಹಳಸಿಹೋಗಿತ್ತು.

ಕೇಳುತ್ತಾ ಹೋದಂತೆ ವಿಷಯ ಹೊರಬಂತು. ಒಂಬತ್ತೂವರೆಗೆ ಅತ್ತೆ ಹೆಬ್ಬೆಟ್ಟು ಕೊಟ್ಟು ಅಕ್ಕಿ ಬರೆಸಲು ರೇಷನ್ ಅಂಗಡಿಗೆ ಹೋಗಿದ್ದಾರೆ. ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡಿದ್ದಾರೆ. ನಮ್ಮ ಮಾವ ಇದ್ದಾಗ ಒಮ್ಮೆ ಮೀಟರ್ ಬೋರ್ಡಿನಲ್ಲಿ ಕಿಡಿ ಹಾರಿತ್ತಂತೆ. ಅಂದಿನಿಂದ ಈ ಮನೆಯಲ್ಲಿ ಯಾರೇ ಕಡೆಯವರಾಗಿ ಹೊರಗೆ ಹೋದರೂ ಮೊದಲು ಮೇನ್ ಆಫ್, ಆಮೇಲೆ ಬೀಗ. ಫ್ರಿಜ್ಜಿನಲ್ಲಿ ಹಾಲಿರಲಿ, ಮೊಸರಿರಲಿ, ನಿಯಮ ನಿಯಮವೇ. ನಾನೂ ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವಳು. ಅರ್ಧ ಗಂಟೆಯಲ್ಲಿ ಬಂದು ಅತ್ತೆ ಮೇನ್ ಹಾಕಿದ್ದಾರೆ. ಆದರೆ ಆ ಯಂತ್ರ ಒಮ್ಮೆ ಕರೆಂಟು ಹೋದರೆ ಮತ್ತೆ ಗುಂಡಿ ಒತ್ತುವವರೆಗೆ ಸುಮ್ಮನೆ ದೀಪ ಮಿಣುಕಿಸುತ್ತಾ ಕೂತಿರುತ್ತದೆ. ಅತ್ತೆಯೂ ಅದರ ಎದುರು ಕೂತಿದ್ದರು.

"ಒಂದ್ಸಲ ತೆಗ್ದು ನೋಡ್ಬಾರ್ದಿತ್ತಾ ಅತ್ತೆ? ಹಸ್ಕೊಂಡು ಕೂತಿದ್ದೀರಲ್ಲ!"

"ದೀಪ ಇನ್ನೂ ಮಿಣುಕ್ತಾ ಇತ್ತು, ಬೆಂದಿಲ್ವೇನೋ ಅಂದ್ಕೊಂಡೆ. ನೀನೇ ಅಲ್ವಾ ಮುಟ್ಲೇಬೇಡಿ ಅಂದಿದ್ದು? ಹನ್ನೊಂದು ವರ್ಷದಲ್ಲಿ ಒಂದ್ಸಲ ಜೋರಾಗಿ ಹೇಳ್ದೆ, ಕೇಳೋಣ ಅಂತ ಕೇಳ್ದೆ."

ನನಗೆ ನಾಚಿಕೆಯಾಯಿತು. ಅವರಿಗೆ ಊಟ ಹಾಕಬೇಕೆಂದು ಹೊರಟು, ನನ್ನ ಮಾತು ನಡೆಯಬೇಕೆಂಬ ಹಟದಲ್ಲಿ ಅವರನ್ನು ಇಡೀ ದಿನ ಉಪವಾಸ ಕೂರಿಸಿದ್ದೆ. ಬೇಗನೆ ಒಂದು ಲೋಟ ಹಾಲು ಕೊಟ್ಟು, ಉಪ್ಪಿಟ್ಟು ಮಾಡಿದೆ. ಬಿಸಿಬಿಸಿ ಉಪ್ಪಿಟ್ಟನ್ನು ಅವರು ಒಂದೇ ಸಮನೆ ತಿಂದಿದ್ದು ನೋಡಿ ಇನ್ನೂ ಸಂಕಟವಾಯಿತು.

ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ಆಲೂಗಡ್ಡೆ, ಬದನೆಕಾಯಿ, ಅವರೆಕಾಳು. ಈ ಸಲ ಅಪ್ಪಣೆ ಕೊಡಲಿಲ್ಲ, ಕೇಳಿಕೊಂಡೆ. "ಅತ್ತೆ, ಹೊರಗೆ ಹೋದ್ರೆ ಇವತ್ತೊಂದಿನ ಮೇನ್ ಆಫ್ ಮಾಡ್ಬೇಡಿ. ಮುಚ್ಚಳ ನಿಮಗೆ ಯಾವಾಗ ಬೇಕೋ ಅವಾಗ ತೆಗೀರಿ."

"ಮೇನ್ ಆಫ್ ಮಾಡ್ದೆ ಮನೆ ಬಿಟ್ಟು ಹೋಗೋಕೆ ನಂಗಾಗಲ್ಲ ಕಣಮ್ಮ. ನಾನು ಹೋಗೋದೇ ಇಲ್ಲ ಬಿಡು."

ಮಸಾಲೆ ಹಾಕುವಾಗ ಬಟ್ಟಲನ್ನು ಅವರ ಮೂಗಿನ ಹತ್ತಿರ ಹಿಡಿದೆ. ಅವರು ಮೂಸಿ, "ಇನ್ನೆರಡು ಎಸಳು ಬೆಳ್ಳುಳ್ಳಿ" ಎಂದರು. ಹಾಕಿದೆ. ಅಂದು ಕರೆಂಟಿನವರೂ ದೊಡ್ಡ ಮನಸ್ಸು ಮಾಡಿದರು, ಒಂದು ಸಲವೂ ತೆಗೆಯಲಿಲ್ಲ. ಶಾಲೆಯಲ್ಲಿ ನನಗೆ ಪಾಠದ ಮೇಲೆ ಗಮನವಿರಲಿಲ್ಲ. ಒಂದು ಗಂಟೆಗೆ ಫೋನು ಮಾಡಿದೆ, ಎತ್ತಲಿಲ್ಲ. ಎರಡಕ್ಕೆ ಮಾಡಿದೆ, ಆಗಲೂ ಇಲ್ಲ.

ಸಂಜೆ ಬಸ್ಸಿಳಿದವಳು ಹೆಚ್ಚುಕಡಿಮೆ ಓಡಿಕೊಂಡೇ ಮನೆಗೆ ಬಂದೆ. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆಯಡಿಕೆ ಜಗಿಯುತ್ತಿದ್ದರು. ನಾನು ಏನೂ ಕೇಳದೆ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದೆ. ಮಡಕೆ ಖಾಲಿ. ನಾಲ್ಕು ಜನಕ್ಕಾಗುವಷ್ಟು ಮಾಡಿದ್ದೆ. ತಳದಲ್ಲಿ ಒಂದು ಬದನೆಕಾಯಿ ತೊಟ್ಟು ಮಾತ್ರ ಮಿಕ್ಕಿತ್ತು. ನೆಟ್ಟಗೆ ಹಿತ್ತಲಿಗೆ ನಡೆದೆ.

"ಹಸೂಗೆ ಹಾಕಿಲ್ಲ ಕಣೆ, ಬಾ ಈ ಕಡೆ" ಎಂದು ಜಗಲಿಯಿಂದಲೇ ಕೂಗು ಬಂತು.

ಪಕ್ಕದ ಮನೆಯವರು ಮುದ್ದೆ ತಂದಾಗ ಅವರಿಗೊಂದು ಬಟ್ಟಲು ಕೊಟ್ಟಿದ್ದಾರೆ. ಮಿಕ್ಕಿದ್ದನ್ನು ಅತ್ತೆ ಒಂದಕ್ಕೊಮ್ಮೆ, ಎರಡೂವರೆಗೊಮ್ಮೆ, ನಾಲ್ಕಕ್ಕೊಮ್ಮೆ ಬಡಿಸಿಕೊಂಡಿದ್ದಾರೆ.

"ಯಾವಾಗ ತೆಗೆದ್ರೂ ಹೊಗೆ ಬರ್ತಾ ಇತ್ತು. ಇನ್ನೊಂಚೂರು, ಇನ್ನೊಂಚೂರು ಅಂತ..." ಅತ್ತೆ ತಲೆ ತಗ್ಗಿಸಿದರು. "ನಿಮಗೆ ಎತ್ತಿಡೋದು ಮರ್ತೇ ಹೋಯ್ತು."

ಈ ಮನೆಯಲ್ಲಿ ನಾನು ಕಂಡಂತೆ ಅತ್ತೆ ಉಣ್ಣುತ್ತಿದ್ದುದು ಎಲ್ಲರ ಕೊನೆಗೆ. ಮಾವನಿಗೆ, ಮಗನಿಗೆ, ಆಳುಗಳಿಗೆ, ನನಗೆ ಬಡಿಸಿ, ಮಿಕ್ಕಿದ್ದನ್ನು ಒಲೆಯ ಪಕ್ಕದಲ್ಲಿ ಕೂತು ಪಾತ್ರೆಯಿಂದ ಬಳಿದುಕೊಳ್ಳುತ್ತಿದ್ದರು. ಮಿಗದೆ ಹೋದ ದಿನ ಮಜ್ಜಿಗೆ ಕುಡಿದು ಎದ್ದುಬಿಡುತ್ತಿದ್ದರು. ಅಂಥವರು ನಮ್ಮನ್ನು ಮರೆತು ಹೊಟ್ಟೆ ತುಂಬಾ ಉಂಡಿದ್ದರು. ನನಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು.

"ಹೆಂಗಿತ್ತತ್ತೆ?"

"ಉಪ್ಪು ಒಂಚೂರು ಮುಂದಿತ್ತು."

ಏಳಕ್ಕೆ ಗಂಡ ಅವರೆಕಾಳು ಸಾರಿನ ಆಸೆಯಲ್ಲಿ ಕೈಕಾಲು ತೊಳೆದು ಬಂದರು. ಅವರ ತಟ್ಟೆಗೆ ಮೊಸರನ್ನ, ಉಪ್ಪಿನಕಾಯಿ ಹಾಕಿದೆ. ತಟ್ಟೆ ನೋಡಿದರು, ನನ್ನ ಮುಖ ನೋಡಿದರು, "ಸಾರೆಲ್ಲಿ?" ಎಂದರು.

"ನಾನು ಉಂಡೆ ಕಣಪ್ಪ" ಎಂದರು ಅತ್ತೆ, ಕೂತಲ್ಲಿಂದ ಏಳದೆ.