ಕದರಯ್ಯ ಹಚ್ಚಿಕೊಟ್ಟ ಸಿಗರೇಟು

ಕುಣಿಗಲ್ಲಿನಿಂದ ಹೊರಟು ತುಮಕೂರಿನ ಮೇಲೆ ಗುಬ್ಬಿಗೆ ಹೋಗುತ್ತಿದ್ದ ಆ ಖಾಸಗಿ ಬಸ್ಸಿಗೆ ದಸ್ತಗೀರ್ ಸಾಬರು ಡ್ರೈವರ್, ಕದರಯ್ಯ ಕಂಡಕ್ಟರ್. ಎಸ್ಸೆಸ್ಸೆಲ್ಸಿ ಫೇಲಾಗಿ ಊರಲ್ಲಿ ಸುಮ್ಮನೆ ತಿರುಗುತ್ತಿದ್ದ ಕದರಯ್ಯನನ್ನು ಮಾಲೀಕರ ಮುಂದೆ ನಿಲ್ಲಿಸಿ, "ನಮ್ಮೋನೇ, ಕೈ ಶುದ್ಧ" ಎಂದು ಕೆಲಸ ಕೊಡಿಸಿದವರು ಸಾಬರೇ. ಅವನಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು.

ಹೆಬ್ಬೂರು ದಾಟಿ ಟಿಕೆಟ್ ಕೊಟ್ಟು ಮುಗಿಯುವ ಹೊತ್ತಿಗೆ ಸಾಬರು ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈಯ ಎರಡು ಬೆರಳು ಚಾಚುತ್ತಿದ್ದರು. ಕದರಯ್ಯ ಮುಂದೆ ಬಂದು, ಗಾಳಿಗೆ ಅಂಗೈ ಅಡ್ಡ ಹಿಡಿದು ಕಡ್ಡಿ ಗೀರಿ, ಮೊದಲ ದಮ್ಮು ತಾನೆಳೆದು, ಹೊತ್ತಿದ ಸಿಗರೇಟನ್ನು ಆ ಬೆರಳುಗಳ ನಡುವೆ ಇಡುತ್ತಿದ್ದ. ಸಾಬರು ಬೇರೆ ಯಾರ ಕೈಯಿಂದಲೂ ಹಾಗೆ ತೆಗೆದುಕೊಳ್ಳುವುದಿಲ್ಲವೆಂದು ಅವನಿಗೆ ಒಳಗೊಳಗೇ ಹೆಮ್ಮೆ. ಪ್ಯಾಕಿನ ಮೇಲೆ ಆಗಲೇ ಎಚ್ಚರಿಕೆಯ ಸಾಲು ಅಚ್ಚಾಗಿ ಬರುತ್ತಿತ್ತು. ಇಂಗ್ಲಿಷಿನ ಆ ಸಾಲನ್ನು ಒಮ್ಮೆ ಅವನು ಕೂಡಿಸಿ ಕೂಡಿಸಿ ಓದಿದಾಗ ಇಬ್ಬರೂ ನಕ್ಕಿದ್ದರು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಸಾಬರಿಗೆ ಕ್ಲಚ್ ತುಳಿಯುವಾಗ ಎಡಗಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ಆಮೇಲೆ ಹೆಬ್ಬೆರಳು ತಣ್ಣಗಾಗಿ ಬಣ್ಣ ತಿರುಗಿತು. ಉಗುರಿನ ಪಕ್ಕದ ಸಣ್ಣ ಗಾಯ ಎಷ್ಟು ಮುಲಾಮು ಹಚ್ಚಿದರೂ ಮಾಯಲಿಲ್ಲ. ಕದರಯ್ಯನೇ ಅವರನ್ನು ತುಮಕೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಸಾಬರ ಹೆಂಡತಿ ಜೈನಬ್ ಬೀಯೂ ಜೊತೆಗಿದ್ದರು.

ಡಾಕ್ಟರು ಕಾಲು ಮುಟ್ಟಿ ನೋಡಿ, "ಎಷ್ಟು ಸೇದ್ತೀರಿ?" ಎಂದರು.

"ಹಿಂಗೇ... ಆಗಾಗ."

"ಆಗಾಗ ಸೇದೋರ ಕಾಲು ಹಿಂಗಾಗಲ್ಲ. ಹೊಗೆಯಿಂದ ರಕ್ತನಾಳ ಮುಚ್ಕೊಂಡು ಬರ್ತಾ ಇದೆ. ಪೂರ್ತಿ ಬಿಟ್ರೆ ಕಾಲು ಉಳಿಯುತ್ತೆ. ದಿನಕ್ಕೊಂದೇ ಸೇದ್ತೀನಿ ಅನ್ನೋದೆಲ್ಲ ಇಲ್ಲಿ ನಡೆಯಲ್ಲ."

ಹೊರಗೆ ಬಂದ ಮೇಲೆ ಜೈನಬ್ ಬೀ ಕದರಯ್ಯನನ್ನು ಪಕ್ಕಕ್ಕೆ ಕರೆದರು. "ಕದರಯ್ಯಣ್ಣ, ಮನೇಲಿ ನಾನು ನೋಡ್ಕೋತೀನಿ. ಬಸ್ಸಲ್ಲಿ ನಿನ್ನ ಬಿಟ್ರೆ ನಂಗ್ಯಾರೂ ಇಲ್ಲ."

"ನಾನಿದೀನಲ್ಲ ಭಾಬಿ. ಒಂದು ಬೀಡಿನೂ ಮುಟ್ಟಕ್ಕೆ ಬಿಡಲ್ಲ."

ಆ ಮಾತನ್ನು ಅವನು ಸುಳ್ಳಿಗೆ ಹೇಳಿರಲಿಲ್ಲ. ಮೊದಮೊದಲು ನಡೆಸಿಯೂ ಕೊಟ್ಟ. ಸಾಬರು ಏಲಕ್ಕಿ ಅಗಿದರು, ಸಿಡಿಮಿಡಿಗೊಂಡರು, ಸುಮ್ಮಸುಮ್ಮನೆ ಹಾರನ್ ಹೊಡೆದರು. ಆದರೂ ಹೆಬ್ಬೆರಳಿನ ಗಾಯ ಒಣಗುತ್ತ ಬಂತು. ಜೈನಬ್ ಬೀ ಕ್ಯಾರಿಯರಿನಲ್ಲಿ ಅವನಿಗೂ ಊಟ ಕಳಿಸತೊಡಗಿದರು. ಕದರಯ್ಯ ಮಾತ್ರ ತನ್ನ ಸಿಗರೇಟು ಬಿಟ್ಟಿರಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು ಸೇದುತ್ತಿದ್ದ. ಕಾಯಿಲೆ ಬಂದದ್ದು ಅವರಿಗೆ, ತನಗಲ್ಲವಲ್ಲ ಅನ್ನುವುದು ಅವನ ಲೆಕ್ಕ.

ಶ್ರಾವಣದ ಒಂದು ಬೆಳಿಗ್ಗೆ, ಗೂಳೂರಿನ ಹತ್ತಿರ ಎತ್ತಿನ ಗಾಡಿಯೊಂದು ತಟಕ್ಕನೆ ಅಡ್ಡ ಬಂತು. ಸಾಬರು ಬ್ರೇಕ್ ಒತ್ತಿ ಹೇಗೋ ತಪ್ಪಿಸಿದರು. ಬಸ್ಸು ಪಕ್ಕಕ್ಕೆ ನಿಂತಿತು. ಜನರೆಲ್ಲ ಕೂಗಾಡುತ್ತಿದ್ದಾಗ ಸಾಬರು ಸ್ಟೇರಿಂಗಿನಿಂದ ಕೈ ತೆಗೆಯದೆ, "ಕದರಾ, ಒಂದೇ ಒಂದು ಹಚ್ಚಿಕೊಡೋ. ಕೈ ನಿಲ್ತಾ ಇಲ್ಲ" ಎಂದರು.

"ಬ್ಯಾಡ ಸಾಬ್ರೇ."

"ಒಂದು ಕಣೋ."

ಅವರು ಹಾಗೆ ಬೇಡಿದ್ದನ್ನು ಅವನು ಎಂದೂ ಕಂಡಿರಲಿಲ್ಲ. ಹಚ್ಚಿಕೊಟ್ಟ. ಕರುಣೆಯಿಂದ ಕೊಟ್ಟೆ ಎಂದು ಆಗ ಅಂದುಕೊಂಡ. ಅಷ್ಟೇ ಆಗಿರಲಿಲ್ಲ ಎಂಬುದು ಆಮೇಲೆ ಅವನನ್ನು ಕೊರೆಯಿತು. ಮೊದಲ ದಮ್ಮೆಳೆದು ಆ ಬೆರಳಿಗೆ ಕೊಟ್ಟಾಗ ಹಳೆಯ ಸಾಬರು ಮತ್ತೆ ಸಿಕ್ಕರೆಂದು ಅವನಿಗೆ ಖುಷಿಯಾಗಿತ್ತು.

ಒಂದು ಹೋಗಿ ಎರಡಾಯಿತು. ದೀಪಾವಳಿ ಬರುವಷ್ಟರಲ್ಲಿ ಎಲ್ಲ ಮೊದಲಿನಂತೆಯೇ. ಗುಬ್ಬಿಯ ಸ್ಟ್ಯಾಂಡಿನಲ್ಲಿ ಸಾಬರು ಬಾಯಿ ತೊಳೆದು ಏಲಕ್ಕಿ ಹಾಕಿಕೊಳ್ಳುವರು. ಕದರಯ್ಯ ನೀರು ಹೊಯ್ಯುವನು.

ಜೈನಬ್ ಬೀಗೆ ಅನುಮಾನ ಬರದೆ ಇರಲಿಲ್ಲ. "ಅಣ್ಣ, ಅಂಗಿಯೆಲ್ಲ ವಾಸನೆ ಬರ್ತದೆ. ಬಸ್ಸಲ್ಲಿ ಸೇದ್ತಾರಾ?"

"ಇಲ್ಲ ಭಾಬಿ. ಪ್ಯಾಸೆಂಜರ್‌ಗಳು ಸೇದೋ ಹೊಗೆ."

ಹೇಳಿದ ದಿನ ಕ್ಯಾರಿಯರಿನ ಊಟ ಅವನಿಗೆ ಸೇರಲಿಲ್ಲ. ಮತ್ತೆ ಕೇಳಿದಾಗ ಅದೇ ಸುಳ್ಳು ಸರಾಗವಾಗಿ ಬಂತು.

ಮರುವರ್ಷ ಹೆಬ್ಬೆರಳು ಕಪ್ಪಾಯಿತು. ಕಪ್ಪು ಪಾದಕ್ಕೆ ಏರಿತು. ತುಮಕೂರಿನ ಆಸ್ಪತ್ರೆಯಲ್ಲಿ ಸಾಬರ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು.

ಕದರಯ್ಯ ಹೋದಾಗ ಜೈನಬ್ ಬೀ ಆಸ್ಪತ್ರೆಯ ಹಿಂದಿನ ನಲ್ಲಿಯಲ್ಲಿ ಕ್ಯಾರಿಯರ್ ತೊಳೆಯಲು ಹೋಗಿದ್ದರು. ಸಾಬರು ಅವನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ನಿನ್ನ ಹೆಸರು ಎತ್ತಿಲ್ಲ ಕಣೋ. ನಾನೇ ಅಂಗಡೀಲಿ ಕದ್ದು ಸೇದ್ತಿದ್ದೆ ಅಂತ ಹೇಳಿದೀನಿ. ನೀನೂ ಹಂಗೇ ಹೇಳು."

ಅಷ್ಟು ಹೇಳಿ, ಹೊದಿಕೆಯ ಮೇಲೆ ಎರಡು ಬೆರಳು ಚಾಚಿದರು.

ಕದರಯ್ಯನ ಜೇಬಿನಲ್ಲಿ ಪ್ಯಾಕು ಇತ್ತು. ಅವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಸಾಯಿ ಅಂದ್ರೆ ಸಾಯ್ತೀನಿ, ಇದನ್ನ ಮಾತ್ರ ಕೊಡಲ್ಲ ಸಾಬ್ರೇ" ಎಂದ. ಸಾಬರು ಮುಖ ಗೋಡೆಗೆ ತಿರುಗಿಸಿದರು.

ನಲ್ಲಿಯ ಹತ್ತಿರ ಜೈನಬ್ ಬೀ ಅವನನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡರು. "ಏನ್ ಮಾಡಕ್ಕಾಯ್ತದೆ ಅಣ್ಣ. ನಿನ್ನ ಕೈಲಾದ್ದು ನೀನು ಮಾಡ್ದೆ. ಅವರ ನಸೀಬು."

ಸಾಬರು ಹೇಳಿಕೊಟ್ಟ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ನಾನೇ ಹಚ್ಚಿ ಕೊಡ್ತಿದ್ದೆ ಭಾಬಿ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. "ಏನು?"

"ಸಿಗರೇಟು. ನನ್ನ ಕೈಯಾರೆ. ದಿನಾ."

ನೀರು ಕ್ಯಾರಿಯರಿನ ಡಬ್ಬಿ ತುಂಬಿ ಹರಿಯಿತು. "ನಾನು ಕೇಳ್ದಾಗೆಲ್ಲ ಇಲ್ಲ ಅಂದ್ಯಲ್ಲ?"

"ಹೂಂ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಅವನು ಅಲ್ಲೇ ಕೂತು ಅತ್ತುಬಿಡುತ್ತಿದ್ದ. ಡಬ್ಬಿಗಳನ್ನು ಒಂದರ ಮೇಲೊಂದು ಕೂರಿಸಿ, ಕ್ಯಾರಿಯರ್ ಎತ್ತಿಕೊಂಡು ಒಳಗೆ ಹೋದರು. ಕದರಯ್ಯ ಜೇಬಿನ ಪ್ಯಾಕನ್ನು ಮೋರಿಗೆ ಹಾಕಿದ.

ಸಾಬರು ಆಮೇಲೆ ಸೇದಲಿಲ್ಲ. ಬಲಗಾಲು ಉಳಿಯಿತು. ಮಾಲೀಕರು ಅವರನ್ನು ಗುಬ್ಬಿಯ ಸ್ಟ್ಯಾಂಡಿನಲ್ಲಿ ಬಸ್ಸುಗಳ ಟೈಮು ನೋಡಿ ಕಳಿಸುವ ಕೆಲಸಕ್ಕೆ ಹಾಕಿದರು. ಊರುಗೋಲು ಪಕ್ಕಕ್ಕಿಟ್ಟು ಕೂತು, ಕದರಯ್ಯನ ಬಸ್ಸು ಬಂದರೆ, "ಲೇಟ್ ಕಣ್ಲಾ" ಎಂದು ಗದರುತ್ತಿದ್ದರು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅದೇ ಅವನಿಗೆ ಕಷ್ಟವಾಗುತ್ತಿತ್ತು. ರಂಜಾನಿನಲ್ಲಿ ಜೈನಬ್ ಬೀ ಅವನಿಗೂ ಶಾವಿಗೆ ಪಾಯಸ ಕಳಿಸುತ್ತಿದ್ದರು. ಎದುರು ಸಿಕ್ಕರೆ ಮಾತೂ ಆಡುತ್ತಿದ್ದರು. ಅಣ್ಣ ಅನ್ನುವುದನ್ನು ಮಾತ್ರ ಬಿಟ್ಟಿದ್ದರು.

ಎಂಬತ್ತನಾಲ್ಕರ ಹೊತ್ತಿಗೆ ಕದರಯ್ಯನ ಬಸ್ಸಿನಲ್ಲಿ ಸೇದುವಂತಿಲ್ಲ ಎಂಬುದು ಆ ದಾರಿಯುದ್ದಕ್ಕೂ ಗೊತ್ತಾಗಿತ್ತು. ಹಾಗೆಂದು ಬರೆದ ಬೋರ್ಡು ಎಲ್ಲ ಬಸ್ಸಿನಲ್ಲೂ ಇರುತ್ತಿತ್ತು, ಕೇಳುವವರು ಇರುತ್ತಿರಲಿಲ್ಲ. ಇವನು ಸೀಟಿ ಊದಿ ಬಸ್ಸು ನಿಲ್ಲಿಸಿಬಿಡುವನು. ಒಮ್ಮೆ ಹೆಬ್ಬೂರಿನ ತೆಂಗಿನಕಾಯಿ ವ್ಯಾಪಾರಿ ವೆಂಕಟಯ್ಯ ಬೀಡಿ ಹಚ್ಚಿ, "ಏನ್ಲಾ ಕದರ, ನೀನೇ ಡ್ರೈವರಿಗೆ ಹಚ್ಚಿ ಕೊಡ್ತಿದ್ದೋನು, ಈಗ ನಮಗೆ ಬುದ್ಧಿ ಹೇಳಕ್ಕೆ ಬಂದ್ಯಾ?" ಎಂದ.

ಬಸ್ಸಿನಲ್ಲಿ ಕೆಲವರು ನಕ್ಕರು.

"ಹೌದು, ನಾನೇ ಕೊಡ್ತಿದ್ದೆ" ಎಂದ ಕದರಯ್ಯ. "ಬೀಡಿ ಬಿಸಾಕು ವೆಂಕಟಯ್ಯ. ಬಸ್ಸು ಹೊರಡಬೇಕು."