ಗಿರಿಜಾ ಟೀಚರ್ ಕಲಿಸಿದ ಭಯ

ಗಿರಿಜಾ ಟೀಚರ್ ಯಾರನ್ನು ಮಾತಾಡಿಸುವಾಗಲೂ ಮುಖಕ್ಕಿಂತ ಮೊದಲು ಪಾದ ನೋಡುತ್ತಿದ್ದರು. "ಮುಖ ಸುಳ್ಳು ಹೇಳುತ್ತೆ ಕಣೇ, ಕಾಲ್ಬೆರಳಿಗೆ ಅಷ್ಟು ಬುದ್ಧಿ ಇಲ್ಲ" ಎನ್ನುವರು.

ಬೀರೂರಿನ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯಲ್ಲಿ ಅವರ ಭರತನಾಟ್ಯದ ತರಗತಿ. ಕಡೂರಿನಲ್ಲಿ ಡಿಗ್ರಿ ಓದುತ್ತಿದ್ದ ನಾನು ಸಂಜೆ ಅಲ್ಲಿಗೆ ಹೋಗುತ್ತಿದ್ದೆ. ವರ್ಷಗಟ್ಟಲೆ ಅರೆಮಂಡಿಯಲ್ಲಿ ನಿಲ್ಲಿಸಿ ತೊಡೆ ನಡುಗಿಸಿದ ಮೇಲೆ, ಒಂದು ದಿನ ಒಡವೆ, ಕೈಮುದ್ರೆ ಎಲ್ಲ ಬಿಟ್ಟು ಬನ್ನಿ ಎಂದರು. ಚೂಡಿದಾರದಲ್ಲೇ ಸ್ಟೇಷನ್ನಿಗೆ ಕರೆದೊಯ್ದು, ರೈಲು ತಪ್ಪಿದ ಹೆಂಗಸನ್ನು ತೋರಿಸಿದರು. "ನೋಡು, ಆಯಮ್ಮ ಅಳ್ತಿಲ್ಲ. ಬ್ಯಾಗನ್ನ ಈ ಕೈಯಿಂದ ಆ ಕೈಗೆ ಬದಲಾಯಿಸ್ತಾಳೆ. ಅದನ್ನ ತಾಳಕ್ಕೆ ಕೂರ್ಸು. ನಟನೆ ಅಂತ ಯಾರಿಗೂ ಗೊತ್ತಾಗ್ಬಾರ್ದು."

ಹೋದ ವರ್ಷ ಅಜ್ಜಂಪುರದಲ್ಲಿ ನಮ್ಮ ಕಾರ್ಯಕ್ರಮ. ಕಾಣೆಯಾದ ಮಗಳನ್ನು ಹುಡುಕುವ ತಾಯಿಯಾಗಿ ನನ್ನ ಗೆಳತಿ ರೂಪಾ ಕುಣಿಯುತ್ತಿದ್ದಳು. ಧೂಳೇಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿದ್ದರು. ಕೊನೆಗೆ ಅವಳು ಮೈಕಿನ ಕಬ್ಬಿಣದ ಸ್ಟ್ಯಾಂಡ್ ಹಿಡಿದು, ಮಗಳನ್ನು ಕೂಗಲು ಬಾಯಿ ತೆರೆದು, ದನಿ ಬಾರದೆ ನಿಲ್ಲಬೇಕು. ಹಿಡಿದಳು. ಬಾಯಿ ತೆರೆದಳು. ಮೈ ಸೆಟೆದು ನಡುಗಿತು. ಪಕ್ಕದಲ್ಲಿ ಹಾಡು ಹಾಕಲು ಕೂತಿದ್ದ ನನಗೆ ಮೈ ಜುಮ್ಮೆಂದಿತು. ಮುಂದಿನ ಸಾಲಿನಲ್ಲಿ ಯಾರೋ, "ಏನ್ ಆಕ್ಟ್ ಮಾಡ್ತಾಳಪ್ಪಾ ಹುಡ್ಗಿ" ಎಂದರು. ಚಪ್ಪಾಳೆ ಬಿತ್ತು.

ಟೀಚರ್ ಮಾತ್ರ ಅವಳ ಪಾದ ನೋಡುತ್ತಿದ್ದರು. "ಬೆರಳು ಯಾಕೆ ಮುದುರ್ಕೊಂಡವೆ? ನಾನು ಹೇಳ್ಕೊಟ್ಟಿಲ್ಲ" ಎನ್ನುತ್ತಲೇ, ತಾಳ ತಟ್ಟುವ ಮರದ ಕೋಲು ಹಿಡಿದು ಓಡಿ ಅವಳ ಮಣಿಕಟ್ಟಿಗೆ ಬಾರಿಸಿದರು. ಕೈ ಸ್ಟ್ಯಾಂಡಿನಿಂದ ಬಿಟ್ಟು ಬಂತು, ರೂಪಾ ಬಿದ್ದಳು. ಸ್ಟ್ಯಾಂಡಿನಲ್ಲಿ ಕರೆಂಟು ಹರಿಯುತ್ತಿತ್ತು. ಆ ಏಟಿಗೂ ಕೆಲವರು ಚಪ್ಪಾಳೆ ತಟ್ಟಿದರು.

ಅಂಗೈ ಸುಟ್ಟಿತು, ಜೀವ ಉಳಿಯಿತು. ಈಗಲೂ ಎಲ್ಲಾದರೂ ಚಪ್ಪಾಳೆ ಕೇಳಿದರೆ ನನ್ನ ಕಣ್ಣು ಮೇನ್ ಸ್ವಿಚ್ ಎಲ್ಲಿದೆ ಎಂದು ಹುಡುಕುತ್ತದೆ.

ಆಮೇಲೆ ಟೀಚರ್ ಬಿಟ್ಟಿದ್ದ ಮುದ್ರೆಯನ್ನು ಮತ್ತೆ ತಂದರು. "ಎಷ್ಟಾದ್ರೂ ನಿಜ ಆಗ್ರಿ, ಒಂದು ಕೈಯಲ್ಲಿ ಮುದ್ರೆ ಇರ್ಲಿ. ಪಾತ್ರದ ಒಳಗಿರೋಳು ಕ್ಷೇಮವಾಗಿದಾಳೆ ಅಂತ ನೋಡ್ದೋರಿಗೆ ತಿಳೀಬೇಕು."

ತಿಂಗಳುಗಳ ನಂತರ ತರಗತಿಗೆ ಮರಳಿದ ರೂಪಾ ಛೇಡಿಸಿದಳು: "ಮತ್ತೆ ನಟನೆ ಅಂತ ಗೊತ್ತಾಗ್ಬಾರ್ದು ಅಂದಿದ್ರಿ?"

"ಅಂದಿದ್ದೆ. ಈಗ ಹಿಂಗಂತೀನಿ. ಸುಮ್ನೆ ಕಲಿ."

ಈ ಸಲ ಯುಗಾದಿ ಕಳೆದ ಮೇಲೆ, ತರೀಕೆರೆಯ ತಂಗಿಯ ಮನೆಯಲ್ಲಿ ಟೀಚರ್ ತೀರಿಕೊಂಡರು. ನಾನು ಅವರನ್ನು ಕೊನೆಗೆ ಕಂಡದ್ದು ತರಗತಿಯ ಅದೇ ಮಹಡಿಯಲ್ಲಿ. ಅಂದು ರೂಪಾ ಮತ್ತೆ ಆ ತಾಯಿಯಾಗಿ ಕುಣಿದಳು. ಸ್ಟ್ಯಾಂಡ್ ಇರಲಿಲ್ಲ, ಬಲಗೈಯಲ್ಲಿ ಬರಿಯ ಗಾಳಿಯನ್ನು ಹಿಡಿದಳು. ಎಡಗೈಯ ಮುದ್ರೆ ಒಂದಿಷ್ಟೂ ಸಡಿಲಾಗಿರಲಿಲ್ಲ. ಆದರೂ ಟೀಚರ್ ತಾಳ ನಿಲ್ಲಿಸಿ, ಎದ್ದು ಹೋಗಿ, ಅವಳ ಬಲಗೈ ಹಿಡಿದುಕೊಂಡರು.

"ಆಕ್ಟಿಂಗು ಟೀಚರ್" ಎಂದು ರೂಪಾ ನಕ್ಕಳು.

"ಗೊತ್ತು ಕಣೇ" ಎಂದರು. ಕೈ ಬಿಡಲಿಲ್ಲ.